ನೂರರಾಗ ಏಳು

ನನ್ನ ಸೊಂಟಕ್ಕೆ ತನ್ನ ಫೋನು ಕಟ್ಟಿ
ತಿಪ್ಪೇರುದ್ರ ಅನ್ನುವ ಹುಡುಗ, ಕತ್ತು ಸೊಂಟ ನೋಡುವವನು,
ದೊಡ್ಡಾಸ್ಪತ್ರೆಯ ಹದಿನೇಳನೇ ರೂಮಿನಲ್ಲಿ
ಸ್ಪಂಜಿನ ಮೆತ್ತೆಯ ಮೇಲೆ ನಿಲ್ಲಿಸಿ
'ಕಾಲು ಜೋಡಿಸ್ರಿ ಹೊನ್ನೂರಮ್ಮ, ಕಣ್ಣು ಮುಚ್ರಿ' ಅಂದ.
ನಿಂತೆ.
ನಿಲ್ಲೋದೇನು ದೊಡ್ಡ ವಿದ್ಯೆ?
ಟ್ಯಾಂಕರಿಗೆ ನಿಂತವಳು, ರೇಷನ್ನಿಗೆ ನಿಂತವಳು,
ಬಟವಾಡೆಯ ಶನಿವಾರ ಮಾಲೀಕನ ಬಾಗಿಲಿಗೆ ನಿಂತವಳು.

'ಹಂಗೇ ನಿಂತು ನೂರರಾಗ ಏಳು ಕಳೀರಿ.
ಬಂದದ್ದರಾಗ ಮತ್ತೆ ಏಳು.'

ತೊಂಬತ್ತಮೂರು.
ಎಂಬತ್ತಾರು.
ಎಪ್ಪತ್ತ...
ಗೋಡೆ ಬಂದು ನನ್ನ ಭುಜ ಹಿಡಿಯಿತು.

ಲೆಕ್ಕ ಬಾರದವಳಲ್ಲಪ್ಪ ನಾನು.
ಕೌಲ್ ಬಜಾರಿನ ಷೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ
ಜೀನ್ಸಿಗೆ ಹಿಂದಿನ ಕಿಸೆ ಹೊಲಿದವಳು.
ಡಜನ್ನಿಗೆ ಇಷ್ಟು, ಕಟ್ಟಿಗೆ ಇಷ್ಟು,
ಕೆಟ್ಟ ತುಂಡಿಗೆ ಮುರಕೊಳ್ಳುವುದು ಇಷ್ಟು,
ಹೊಲಿಯುತ್ತಲೇ ಕೂಡಿ, ಹೊಲಿಯುತ್ತಲೇ ಕಳೆದು
ಮೇಸ್ತ್ರಿಯ ಚೀಟಿಯ ತಪ್ಪನ್ನು ಬಾಯಲ್ಲೇ ಹಿಡಿದವಳು.
ಆದರೆ ಆಗ ಕೂತಿರುತ್ತಿದ್ದೆ.
ಬೀಳದಂತೆ ನೋಡಿಕೊಳ್ಳುವ ಕೆಲಸ ಸ್ಟೂಲಿನದಾಗಿತ್ತು.

ಕತ್ತು ಮಾತ್ರ ಒಂದು ಗೇಣು ಮುಂದಕ್ಕೆ,
ಸೂಜಿ ಬೀಳುವ ಜಾಗದ ಮೇಲೆ ಬಗ್ಗಿಯೇ ಇತ್ತು.
ಎಂಟು ವರ್ಷವಾಯಿತು, ಅದರೊಳಗೆ ಯಾರೋ
ಬಾಬಿನ್ನಿನ ದಾರ ಉಲ್ಟಾ ಸುತ್ತಿಟ್ಟಿದ್ದಾರೆ.
ಎಡಕ್ಕೆ ತಿರುಗಿದರೆ ಗಂಟು. ಬಲಕ್ಕೆ ತಿರುಗುವುದೇ ಇಲ್ಲ.

ಹುಡುಗ ಹೇಳಿದ:
ತಲೆ ಎಲ್ಲೈತೆ ಅಂತ ಮಿದುಳಿಗೆ ಸುದ್ದಿ ಕೊಡೋದ್ರಾಗ ಕತ್ತಿಂದು ದೊಡ್ಡ ಪಾಲು.
ನೋಯೋ ಕತ್ತು ಅರ್ಧಂಬರ್ಧ ಸುದ್ದಿ ಕೊಡ್ತೈತೆ.
ಅದನ್ನ ತಿದ್ದಿಕೊಂತ ಮಿದುಳು ನಿಮ್ಮನ್ನ
ಕೈಯಾಗ ಹಿಡ್ಕೊಂಡೇ ಇರ್ತೈತೆ ಅಮ್ಮ, ಇಡೀ ದಿನ.
ಆ ಕೈಗೆ ಇನ್ನೊಂದು ಕೆಲಸ ಹೇಳಿದ್ರೆ...

ನನಗೆ ಮೆಟ್ಟಿಲು ನೆನಪಾಯಿತು.
ಕೊಡ ಹೊತ್ತು ಹತ್ತುತ್ತಿದ್ದೆ. ಕೆಳಗಿನಿಂದ ನಾಗವೇಣಿ
'ಚೀಟಿ ದುಡ್ಡು ಎಷ್ಟು ಉಳೀತಕ್ಕಾ?' ಅಂದಳು.
ಸಾವಿರದ ನಾನ್ನೂರು ಅನ್ನುವಷ್ಟರಲ್ಲಿ
ಐದನೇ ಮೆಟ್ಟಿಲು ಇರಲಿಲ್ಲ.
ಬಿಪಿ ಅಂದರು. ಪಿತ್ತ ಅಂದರು.
ನಿಂಬೆಹಣ್ಣು ಇಳಿಸಿ ಮೂರುದಾರಿ ಕೂಡುವಲ್ಲಿ ಎಸೆದು ಬಂದರು.
ಉತ್ತರ ಸರಿಯಿತ್ತು ಅಂತ
ಒಬ್ಬರೂ ಅನ್ನಲಿಲ್ಲ.

ಫೋನು ಬಿಚ್ಚಿ ಗೆರೆ ತೋರಿಸಿದ.
ಸುಮ್ಮನೆ ನಿಂತದ್ದು, ಪರವಾಗಿಲ್ಲ, ಅಲ್ಲಲ್ಲಿ ಸಡಿಲ.
ಲೆಕ್ಕದ ಜೊತೆ ನಿಂತದ್ದು
ನಿನ್ನೆ ಸೇರಿದ ಹುಡುಗಿ ಹೆದರಿ ಹೆದರಿ ಪೆಡಲು ತುಳಿದ ಹಾಗೆ.
ನನ್ನ ಕೈಗೆ ಬಂದಿದ್ದರೆ ಪೂರ್ತಿ ಬಿಚ್ಚಿಸುತ್ತಿದ್ದೆ.

'ಈ ಸಲ ಅಂಕಿ ಬ್ಯಾಡ. ಕ ಅಕ್ಷರದ ಮಾತು, ಬಾಯಿಗೆ ಬಂದದ್ದು.'

ಕತ್ತರಿ. ಕಾಜ. ಕಿಸೆ. ಕಾಲರು.
ಕುಸುಬಿ. ಕುಪ್ಪಸ. ಕೊರಳು.
ಆಮೇಲೆ ಒಂದು ಹೆಸರು ಹಲ್ಲಿನ ತನಕ ಬಂತು.
ಹಸಿರು ಬಳೆ ಇಟ್ಟ ದಿನದಿಂದ ನಾನು ಹೇಳದ ಹೆಸರು.
ಅವನು ಗುಂತಕಲ್ಲಿನ ರೈಲು ಹತ್ತಿ ಹನ್ನೊಂದು ವರ್ಷವಾದ ಮೇಲೂ
ಕಚೇರಿಯವರು ಕೇಳಿದರೆ
ಮಗಳ ಬಾಯಿಂದ ಹೇಳಿಸುವ ಹೆಸರು.
ನುಂಗಿದೆ.
ಕಾಲ್ಬೆರಳು ಹತ್ತೂ ಸ್ಪಂಜನ್ನು ಕಚ್ಚಿಕೊಂಡವು.

'ಏನು ನೆನಪಾತು ಅಮ್ಮ?'
ಕಲ್ಲು, ಅಂದೆ.
ಕಿಟಕಿಯಾಚೆ ಕೋಟೆಗುಡ್ಡ ಮಧ್ಯಾಹ್ನದಲ್ಲಿ ಕಾಯುತ್ತಿತ್ತು.
ಅದಕ್ಕೇನು. ಅದನ್ನು ಯಾರೂ ಏನೂ ಕೇಳುವುದಿಲ್ಲ.

ದಿನಾ ಹತ್ತು ನಿಮಿಷ ಮನೆಯಲ್ಲೂ ಮಾಡಬೇಕಂತೆ,
ಗಲ್ಲ ಹಿಂದಕ್ಕೆಳೆದು, ಗೋಡೆಯ ಪಕ್ಕದಲ್ಲೇ.
ಸ್ಪಂಜು ಎಲ್ಲಿ ತರಲಿ,
ಷೆಡ್ಡಿನ ನೀಲಿ ತುಣುಕುಗಳನ್ನು ದಿಂಬಿನ ಚೀಲಕ್ಕೆ ತುಂಬಿದ್ದೇನೆ.
ಮಗಳು ಮಲಗಿದ ಮೇಲೆ ಹತ್ತಿ ನಿಲ್ಲುತ್ತೇನೆ.
ಎಪ್ಪತ್ತೊಂಬತ್ತು. ಎಪ್ಪತ್ತೆರಡು. ಅರವತ್ತೈದು.
ನಿನ್ನೆ ರಾತ್ರಿ ಐವತ್ತೆಂಟಕ್ಕೆ ಬಂದವಳು
ಗೋಡೆಗೆ ಕೇಳುವಷ್ಟೇ ಮೆಲ್ಲಗೆ
ಆ ಹೆಸರು ಹೇಳಿ ನೋಡಿದೆ.

ಬಲಕ್ಕೆ ಒಂದಿಷ್ಟು ವಾಲಿತು ಮೈ.
ಐವತ್ತೊಂದು.