ಹನ್ನೊಂದು ಗೆಡ್ಡೆ

ಕೆ.ಜಿ.ಎಫ್.ನ ಒಂದು ಹಳೇ ಬಂಗಲೆಯ ಬೇಲಿಯಿಂದ
ಮದುವೆಗೆ ಹೋದವಳು ಕಿತ್ತು ತಂದೆ.
ಮದುಮಗಳ ಮುಖ ಈಗ ನೆನಪಿಲ್ಲ.
ಗುಲಾಬಿ ಬಣ್ಣದ ಪುಟ್ಟ ಹೂ, ಜುಮುಕಿಯ ಹಾಗೆ
ಗೊಂಚಲು ಗೊಂಚಲು. ಹೆಸರು ಕೇಳಿದರೆ ಮಾಲಿ
"ಗೊತ್ತಿಲ್ಲಮ್ಮ, ದೊರೆಸಾನಿ ಬಳ್ಳಿ ಅಂತೀವಿ" ಅಂದ.
ಬಾಳೆಲೆಯ ತುಂಡಲ್ಲಿ ಸುತ್ತಿ, ಸೆರಗಿನಡಿ ಇಟ್ಟು
ಮೂರು ಬಸ್ಸು ಬದಲಿಸಿ ಶಿಡ್ಲಘಟ್ಟ.

ಗೇಣುದ್ದದ ಗೆಡ್ಡೆ. ಹಿತ್ತಿಲಲ್ಲಿ
ಗೂಡು ಬೇಯಿಸಿದ ನೀರು ಚೆಲ್ಲುವ ಕಡೆ ಊರಿದೆ.
ಆ ನಾತಕ್ಕೆ ತುಳಸಿಯೂ ಬದುಕಿರಲಿಲ್ಲ.
ಇದು ಬದುಕಿತು.
ಬೇಸಿಗೆಗೆ ಶೀಟಿನ ಮೇಲೆ ಹತ್ತಿತ್ತು,
ದಸರೆ ಹೊತ್ತಿಗೆ ಚರಕದ ಮನೆಯ ಹೊಗೆಗೂಡಿಗೆ ಜಡೆ ಹೆಣೆದಿತ್ತು.
ಹೋಗುವವರು ನಿಂತು ನೋಡಿದರು.
ನಮ್ಮ ಬೀದಿಯಲ್ಲಿ ನಿಂತು ನೋಡುವಂಥದ್ದು ಅದುವರೆಗೆ
ಗೂಡಿನ ರೇಟು ಬರೆಯುವ ಹಲಗೆ ಒಂದೇ.

ಕೇಳಿದವರಿಗೆಲ್ಲ ಕೊಟ್ಟೆ. ಹನ್ನೊಂದು ಮನೆ.
ಮೊರದಲ್ಲಿಟ್ಟು, ಅರಿಸಿನ ಕುಂಕುಮದ ಜೊತೆ, ಬಾಗಿನದ ಹಾಗೆ.
ಪಿಳ್ಳಮ್ಮನಿಗೆ, ಅವಳ ನಾದಿನಿಗೆ,
ಮೆಹರುನ್ನೀಸಾಗೆ (ಕುಂಕುಮ ಬಿಟ್ಟು, ಮಲ್ಲಿಗೆ ಇಟ್ಟು),
ಅಂಚೆ ಕಚೇರಿಯ ರುಕ್ಮಾಂಗದಯ್ಯನವರಿಗೆ,
ಕೇಳದಿದ್ದ ಇಬ್ಬರಿಗೂ.
ಏನು ಹೆಮ್ಮೆ ನನಗೆ! ಊರಿಗೇ ಹೂ ಹಂಚಿದವಳು.

ನಾಲ್ಕನೇ ವರ್ಷ ಬೈರೇಗೌಡರು ಬಂದರು.
ಬೈಯಲಿಲ್ಲ. ಜಗಲಿಯಲ್ಲಿ ಕೂತು ಟೀ ಕುಡಿದು
ಟವೆಲಿನ ಗಂಟು ಬಿಚ್ಚಿದರು: ಒಂದು ಹಿಡಿ ಬಳ್ಳಿ,
ಅದರ ಹಿಡಿತದಲ್ಲಿ ಮುರಿದ ಹಿಪ್ಪುನೇರಳೆ ಕಡ್ಡಿ.
"ನಿಮ್ಮ ಹೂವಮ್ಮ. ಸೊಪ್ಪಿನ ಮೇಲೆ ಕಂಬಳಿ ಹೊದಿಸಿದೆ.
ಹುಳ ನಾಲ್ಕನೇ ಜ್ವರದಲ್ಲಿದೆ. ಎದ್ದರೆ ಏನು ಹಾಕಲಿ?"

ಗೂಡಾದರೆ ನನಗೆ ಗೊತ್ತು.
ಬಿಸಿನೀರಲ್ಲಿ ಆಡಿಸಿ, ಕುಂಚದಲ್ಲಿ ಮೀಟಿ,
ತುದಿ ಸಿಕ್ಕಿತೋ, ಮುಗಿಯಿತು:
ಅರ್ಧ ಮೈಲಿ ಎಳೆ ತಾನಾಗಿ ಬಿಚ್ಚಿಕೊಳ್ಳುತ್ತದೆ,
ಕೊನೆಗೆ ಒಳಗಿನ ಬಡಪಾಯಿ ಬೆತ್ತಲೆ.
ಇದಕ್ಕೆ ತುದಿಯೇ ಇಲ್ಲ.
ಎಳೆದರೆ ಹರಿಯುತ್ತದೆ, ಹರಿದಲ್ಲಿ ಎರಡಾಗುತ್ತದೆ.
ಅಗೆದರೆ ಗೆಡ್ಡೆ, ಗೆಡ್ಡೆಯಡಿ ಗೆಡ್ಡೆ.
ಮೊಳಕೈವರೆಗೆ ಮಣ್ಣಲ್ಲಿ ಕೈಯಿಟ್ಟು ಕಡೆಯದನ್ನು
ತಡಕಿ ಹಿಡಿದೆ, ಹಸುಗೂಸಿನ ತಲೆಯಷ್ಟು,
ಬೆಚ್ಚಗೆ. ಬೆಚ್ಚಗಿದ್ದದ್ದು ಮಣ್ಣಿರಬೇಕು.
ಸುಟ್ಟೆ. ಉಪ್ಪು ಸುರಿದೆ. ಆ ಬೂದಿಯಲ್ಲಿ
ಹತ್ತನೇ ದಿನ ಒಂದು ಎಲೆ, ವೀಳ್ಯದೆಲೆಯ ಆಕಾರ,
ನನಗೇ ತಾಂಬೂಲ ಕೊಡಲು ಬಂದ ಹಾಗೆ.

ಗುದ್ದಲಿ ಹಿಡಿದು ಮನೆ ಮನೆಗೆ ಹೊರಟೆ.
ಕೊಡುವಾಗ ಉಟ್ಟಿದ್ದ ಸೀರೆಯಲ್ಲ; ಹಳೇ ನೈಟಿ, ಮೇಲೆ ಗಂಡನ ಅಂಗಿ.
ಕೊಟ್ಟದ್ದು ಒಂದು ವಾರದಲ್ಲಿ.
ವಾಪಸ್ಸು ಕೇಳುವುದಕ್ಕೆ ಇದು ಎರಡನೇ ವರ್ಷ.
ಪಿಳ್ಳಮ್ಮ ನಕ್ಕು ತಾನೂ ಸೇರಿ ಅಗೆದಳು.
ನಾದಿನಿ ಬಾಗಿಲು ತೆಗೆಯಲಿಲ್ಲ.
ಅಂಚೆಯವರಿಗೆ ವರ್ಗವಾಗಿದೆ; ಹೋಗುವಾಗ ಗೆಡ್ಡೆಯನ್ನೂ
ಪೇಪರಿನಲ್ಲಿ ಸುತ್ತಿ ಪಾವಗಡಕ್ಕೆ ಒಯ್ದರಂತೆ.
ಅದನ್ನು ಕೇಳಿ ಗುದ್ದಲಿ ಕೆಳಗಿಟ್ಟು ಕೂತುಬಿಟ್ಟೆ.

ಮೆಹರುನ್ನೀಸಾ ತಾರಸಿಗೆ ಕರೆದುಕೊಂಡು ಹೋದಳು.
ಮಧ್ಯಾಹ್ನ. ಊರಿಗೆಲ್ಲ ಬೇಯುವ ಹುಳದ ವಾಸನೆ.
ನೀರಿನ ಟ್ಯಾಂಕಿಗೆ ಹಬ್ಬಿದ ಬಳ್ಳಿ ತುಂಬ ಜೇನುನೊಣ.
ಆ ಬಿಸಿಲಲ್ಲಿ ಇನ್ನೆಲ್ಲೂ ಹೂವಿರಲಿಲ್ಲ.
"ಕಿತ್ತುಕೋ ಅಕ್ಕ" ಅಂದಳು. "ಇವಕ್ಕೆ ಮಾತ್ರ ನೀನೇ ಹೇಳು."

ಸಂಜೆವರೆಗೆ ಇಬ್ಬರೂ ಕೂತು
ಬಾಡಿದ ಗೊಂಚಲುಗಳನ್ನಷ್ಟೇ ಕತ್ತರಿಸಿದೆವು, ಬೀಜ ಕಟ್ಟುವ ಮುಂಚೆ.
ಈಗ ಪ್ರತಿ ಸೋಮವಾರ ಹೋಗುತ್ತೇನೆ.
ಕತ್ತರಿ ಅವಳದು, ಗೋಣಿಚೀಲ ನನ್ನದು.
ಒಂದು ಸೋಮವಾರ ತಪ್ಪಿದರೆ ಅದು ಗೋಡೆ ಇಳಿದಿರುತ್ತದೆ.

ಹನ್ನೊಂದರಲ್ಲಿ ಏಳು ಮುಗಿದವು ಅಂದುಕೊಂಡಿದ್ದೇನೆ.
ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಯಾವಳೋ ಒಬ್ಬಳು,
ಮಡಿಲಲ್ಲಿ ಬಾಳೆಲೆಯ ಪೊಟ್ಟಣ, ಪಕ್ಕದವಳಿಗೆ ಹೇಳುತ್ತಿದ್ದಳು:
"ಹೆಸರು ಗೊತ್ತಿಲ್ಲಕ್ಕ. ಎಲ್ಲಿ ಊರಿದರೂ ಬರುತ್ತಂತೆ."
ನಾನು ಎದ್ದೆ.
ಏನು ಹೇಳುವುದೆಂದು ಹೊಂದಿಸಿಕೊಳ್ಳುವಷ್ಟರಲ್ಲಿ
ಅವಳ ಬಸ್ಸು ಬಂತು.