ಎಲ್ಲಿಯವರೆಗೆ ಪ್ಯಾಂಟು

ಸಂಜೆ ಆರರೊಳಗೆ ಅರವತ್ತು ಪ್ಯಾಂಟು.
ಹಿಂದೆ ಬಿಳಿ ಇರಬೇಕು, ಬರೀ ಬಿಳಿ,
ಅಂದು ಮೆಟ್ಟಿಲಿಳಿದ ಗಾದಿಲಿಂಗ
ಬಾಯಲ್ಲಿ ಅರ್ಧ ಮಿರ್ಚಿ ಇಟ್ಟುಕೊಂಡೇ.

ಫೋಟೊ ತೆಗೆದದ್ದು ಕೌಲ್‌ಬಜಾರಿನ ಒಂದು ಮಹಡಿಯಲ್ಲಿ,
ಸುಣ್ಣದ ಗೋಡೆಗೆ ಮೊಳೆ ಹೊಡೆದು, ತೂಗುಹಾಕಿ.
ಗೋಡೆ ಬಿಳಿಯದೇ. ಆದರೆ ಬಳ್ಳಾರಿಯ ಬಿಳಿ
ಬೇರೆ ಊರಿನ ಬಿಳಿಯಲ್ಲ,
ಸಂಡೂರಿನ ಲಾರಿ ಹೋದ ಮೇಲೆ ಉಳಿಯುವುದು
ಅದಕ್ಕೂ ಅಂಟಿರುತ್ತದೆ.

ಮಂತ್ರದಂಡ ಅಂತೊಂದಿದೆ.
ಮುಟ್ಟಿದರೆ ಸಾಕು, ಒಂದೇ ಬಣ್ಣದ್ದನ್ನೆಲ್ಲ
ತಾನೇ ಆರಿಸಿಕೊಳ್ಳುತ್ತದೆ ಅಂತ ಕಲಿಸಿದವರ ಮಾತು.
ಮುಟ್ಟಿದೆ. ಗೋಡೆಯ ಜೊತೆ
ಕಲ್ಲು ಹಾಕಿ ಒಗೆದು ಮಾಸಿಸಿದ ಮಂಡಿಯೂ ಹೋಯಿತು,
ಎರಡೂ ಕಾಲಿಗೆ ತೂತು.
ಕಂಟ್ರೋಲ್ ಝಡ್.
ಟಾಲರೆನ್ಸ್ ಇಳಿಸಿದೆ. ಈಗ ಗೋಡೆಯೇ ಬರಲೊಲ್ಲದು,
ಧೂಳಿನ ಒಂದೊಂದು ಕಣಕ್ಕೂ
ಒಂದೊಂದು ಬೇಲಿ.

ಹಾಗಾಗಿ ಪೆನ್ನು. ಬೇರೆ ದಾರಿಯಿಲ್ಲ.
ನಾಲ್ಕುನೂರು ಪರ್ಸೆಂಟಿಗೆ ಹಿಗ್ಗಿಸಿ ಸೊಂಟದಿಂದ ಶುರು.
ಒಂದು ಚುಕ್ಕೆ, ಎಳೆ, ಬಾಗಿಸು, ಮತ್ತೊಂದು ಚುಕ್ಕೆ.
ಬಟ್ಟೆ ಬಾಗಿದ ಕಡೆ ಬಾಗಬೇಕು,
ಬಾಗದ ಕಡೆ ಸುಮ್ಮನಿರಬೇಕು.
ಚುಕ್ಕೆ ಹೆಚ್ಚಾದರೆ ಇಲಿ ಕಡಿದ ಅಂಚು,
ಕಡಿಮೆಯಾದರೆ ರಟ್ಟಿನ ಪ್ಯಾಂಟು.
ಅಂಚಿನ ಮೇಲೆ ನಡೆಯಬಾರದು, ಒಂದು ಪಿಕ್ಸೆಲ್ ಒಳಗೆ.
ಅಂಚಿನಲ್ಲಿ ಗೋಡೆ ಇನ್ನೂ ಬಟ್ಟೆಯ ಕೈ ಬಿಟ್ಟಿರುವುದಿಲ್ಲ.

ಬೆಲ್ಟಿನ ಕೊಂಡಿ ಎದ್ದು ನಿಂತಿದ್ದರೆ
ಅದರೊಳಗೆ ಎಳ್ಳಷ್ಟು ಬೆಳಕು.
ಅದು ಪ್ಯಾಂಟಲ್ಲ, ತೆಗೆಯಬೇಕು.
ಮರೆತರೆ ಯಾರಿಗೂ ಗೊತ್ತಾಗುವುದಿಲ್ಲ.
ನನಗೆ ಗೊತ್ತಾಗುತ್ತದೆ, ರಾತ್ರಿ, ಹಾಸಿಗೆಯಲ್ಲಿ.

ಕೊನೆಯ ಚುಕ್ಕೆ ಮೊದಲನೆಯದನ್ನು ಸೇರಿದಾಗ
ಇರುವೆ ಹೊರಡುತ್ತವೆ,
ಕರಿ ಬಿಳಿ, ಕರಿ ಬಿಳಿ,
ಸೊಂಟದಿಂದ ಪಾದಕ್ಕೆ, ಪಾದದಿಂದ ಮತ್ತೆ ಮೇಲಕ್ಕೆ,
ಬೆಲ್ಲ ಸಿಗದ ಇರುವೆ.

ಮೂವತ್ತೊಂದನೆಯದಕ್ಕೆ ಅವ್ವ ಬಂದಳು, ಡಬ್ಬಿ ಹಿಡಿದು.
ಯುನಿಟ್ಟಿನಲ್ಲಿ ದಾರ ಕತ್ತರಿಸುತ್ತಾಳೆ, ಪೀಸಿಗೆ ಇಷ್ಟು ಅಂತ.
ಉಗುರಿನ ಸುತ್ತ ತೊಳೆದರೂ ಹೋಗದ ನೀಲಿ,
ರೊಟ್ಟಿ ತಟ್ಟಿದರೆ ಒಮ್ಮೊಮ್ಮೆ ರೊಟ್ಟಿಗೂ.
ಪರದೆಗೆ ಮುಖ ತಂದು
"ಇದು ನಮ್ದ, ಮೂರನೇ ಲೈನಿಂದು" ಅಂದಳು.
ಆಮೇಲೆ ಎಡಗಾಲಿನ ಮಡಿಕೆಯ ಕೆಳಗೆ ಬೆರಳಿಟ್ಟು
"ಅಯ್ಯ, ಒಂದು ಉಳದೈತಲ್ಲ."

ಒಂದು ದಾರ. ಹಳದಿ. ಬೆರಳುದ್ದ,
ಫ್ಯಾನಿನ ಗಾಳಿಗೆ ಸ್ವಲ್ಪ ಎದ್ದದ್ದು.
"ಹೆಂಗ ಬಿಟ್ಟೆ ನಾನು. ರಸೂಲ್ ಮೇಸ್ತ್ರಿ ಕಣ್ಣಿಗೆ ಬಿದ್ದಿದ್ರ
ಪೀಸು ವಾಪಸ್ಸು ಬರ್ತಿತ್ತು.
ತೆಗಿಯಾಕ ಬರ್ತೈತಾ ಇದರಾಗ?"

ಬರುತ್ತದೆ. ಏನೂ ಮಾಡಬೇಕಿಲ್ಲ,
ಗೆರೆ ನೆಟ್ಟಗೆ ಎಳೆದರೆ ಮುಗಿಯಿತು,
ದಾರ ಗೋಡೆಯ ಪಾಲು.
ಹೊರಗುಳಿದದ್ದು ಇತ್ತೇ ಅಂತ ಯಾರೂ ಕೇಳುವುದಿಲ್ಲ.
ನೆರಳನ್ನೂ ಹಾಗೇ ತೆಗೆಯುತ್ತೇನೆ ದಿನಾ.
ನೆರಳಿಲ್ಲದ ಪ್ಯಾಂಟು ತೇಲುತ್ತದೆ ಅಂತ
ಆಮೇಲೆ ಸುಳ್ಳು ನೆರಳೊಂದನ್ನು ಹಚ್ಚುತ್ತೇನೆ,
ಇಪ್ಪತ್ತು ಪರ್ಸೆಂಟು ಕಪ್ಪು.

ಸೊಂಟಕ್ಕೆ ಸಿಕ್ಕಿಸಿದ ಸಣ್ಣ ಕತ್ತರಿಯನ್ನು
ಅವ್ವ ಮುಟ್ಟಿ ನೋಡಿಕೊಂಡಳು, ಅಭ್ಯಾಸ.

ತೆಗೆದೆ. ತೋರಿಸಿದೆ.
"ಹಾಂ" ಅಂದಳು, ಉಸಿರು ಬಿಟ್ಟಳು,
"ಪುಂಡಿಪಲ್ಯ ಆರತೈತಿ, ತಿನ್ನು" ಅಂತ ಹೊರಟಳು.
ಅವಳ ಬಿಡುವು ಅರ್ಧ ತಾಸು,
ಹತ್ತು ನಿಮಿಷ ನಮ್ಮ ಮೆಟ್ಟಿಲಿಗೇ ಹೋಗುತ್ತದೆ.

ಚಪ್ಪಲಿಯ ಸದ್ದು ಬೀದಿಗಿಳಿದ ಮೇಲೆ
ಕಂಟ್ರೋಲ್ ಝಡ್.
ಎಂಟುನೂರು ಪರ್ಸೆಂಟು.
ಅಲ್ಲಿ ದಾರ ದಾರವಲ್ಲ, ಚೌಕ ಚೌಕ,
ಹಳದಿ, ಅರೆಹಳದಿ,
ಬಟ್ಟೆಯ ಕಡೆಯದೋ ಗೋಡೆಯ ಕಡೆಯದೋ ಹೇಳಲಾಗದ್ದು.
ಹೋಗುತ್ತ ಹದಿನೇಳು ಚುಕ್ಕೆ, ಬರುತ್ತ ಹದಿನೆಂಟು.
ಇರುವೆ ಆ ಓಣಿಗೂ ಹೋಗಿ ಬಂದವು.
ನೆರಳು ಹಚ್ಚುವಾಗ
ದಾರಕ್ಕೂ ಹಚ್ಚಿದೆ, ಕೂದಲೆಳೆಯಷ್ಟು.

ಆರೂ ಇಪ್ಪತ್ತಕ್ಕೆ ಅರವತ್ತೂ ಹೋದವು.
ಗಾದಿಲಿಂಗ ಎಣಿಸಿದ, ನೋಡಲಿಲ್ಲ.
ಪಲ್ಯ ತಣ್ಣಗಾಗಿತ್ತು.
ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿದರೆ
ಕೆಂಪು.