ಬೇಸ್ ಕೋಟು

ಕೂಳೂರು ಸಂಕ ದಾಟಿದರೆ ಅಬ್ಬೋನುವಿನ ಗ್ಯಾರೇಜು.
ನನ್ನ ಗಾಡಿ ಈಗ ಗಾಳಿಯಲ್ಲಿದೆ, ನಾಲ್ಕು ಕಾಲೂ ಜೋತುಬಿಟ್ಟು,
ಕುತ್ತಿಗೆ ಹಿಡಿದು ಎತ್ತಿದ ಬೆಕ್ಕಿನ ಮರಿಯ ಹಾಗೆ.
"ಅಕ್ಕ, ಇಲ್ಲಿ ಬನ್ನಿ, ಸ್ವಲ್ಪ ಬಗ್ಗಿ" ಎಂದ.
ಮೊಬೈಲಿನ ಟಾರ್ಚು ಅದರ ಹೊಟ್ಟೆಯಡಿ ಹರಿದಾಡಿತು.

ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲ ಒತ್ತಿದ.
ಕರೀ ಕೋಟಿಂಗು ಹಪ್ಪಳದಂತೆ ಬಿಟ್ಟುಕೊಂಡಿತು.
ಒಳಗಿಂದ ಉದುರಿದ್ದು ಕಬ್ಬಿಣವಲ್ಲ,
ಹುಡಿ.
ಬಂಗುಡೆಗೆ ಸವರುವ ಮೆಣಸಿನ ಬಣ್ಣ.

"ಡಾಕ್ಟರ ಗಾಡಿ" ಅಂದಿದ್ದ ಬ್ರೋಕರ್ ಡೊಲ್ಫಿ.
"ಒಬ್ಬರೇ ಓನರು. ಮನೆ, ಕ್ಲಿನಿಕ್ಕು, ಮನೆ."
ಮನೆ ಎಲ್ಲಿ ಅಂತ ಕೇಳಬೇಕಿತ್ತು ನಾನು.
ತಣ್ಣೀರುಬಾವಿಯ ದಂಡೆಯಲ್ಲಿ, ಶೆಡ್ಡಿಲ್ಲದೆ,
ಎಂಟು ವರ್ಷ ಕಡಲಿಗೆ ಮುಖ ಮಾಡಿ ನಿಂತು
ರಾತ್ರಿಯಿಡೀ ಉಪ್ಪು ನೆಕ್ಕಿದ ಗಾಡಿ.

ಬೇರೆ ಯಾರಿಗಲ್ಲದಿದ್ದರೂ ನನಗೆ ಗೊತ್ತಾಗಬೇಕಿತ್ತು.
ಮದುಮಗಳ ಮೇಕಪ್ಪಿನವಳು ನಾನು, ಹನ್ನೊಂದು ವರ್ಷದಿಂದ.
ಕಣ್ಣಡಿಯ ಕಪ್ಪು, ಗಲ್ಲದ ಬಂಗು, ಹಿಂದಿನ ರಾತ್ರಿ ಅತ್ತ ಊತ,
ಎಲ್ಲದಕ್ಕೂ ಮೊದಲು ಬೇಸು, ಸ್ಪಂಜಲ್ಲಿ ತಟ್ಟಿ ತಟ್ಟಿ.
ಅಂಥ ನಾನೇ
ಬಳಿದದ್ದನ್ನು ಚರ್ಮ ಅಂದುಕೊಂಡೆ.

ಅಬ್ಬೋನು ಹೇಳುತ್ತಾ ಹೋದ, ಹುಡುಗ ರಟ್ಟಿನ ಮೇಲೆ ಬರೆಯುತ್ತಾ ಹೋದ.
"ಲೋವರ್ ಆರ್ಮ್ ಎರಡೂ ಹೋಗಿದೆ,
ಬುಶ್ ಮಾತ್ರ ಹಾಕಿದರೆ ನಿಲ್ಲುವುದಿಲ್ಲ, ಐದೂವರೆ ಬರೆ.
ಲಿಂಕ್ ರಾಡು ಸಾವಿರದ ಆರುನೂರು,
ಹಂಪಿನಲ್ಲಿ ಟಕ್ ಹೇಳ್ತದಲ್ಲ, ಅದೇ.
ಎಸಿ ಕಾಯಿಲು ಲೀಕು. ಗ್ಯಾಸು ತುಂಬಿಸಿ ಕೊಟ್ಟಿದ್ದಾರೆ ನಿಮಗೆ,
ಒಂದು ವಾರದ ತಂಪು. ಎಂಟೂವರೆ.
ಟರ್ಬೋ ಹೋಸು ಬಿರಿದಿದೆ, ಮೂರು.
ಮತ್ತೆ ಕ್ಲಚ್ಚು..."
ಕ್ಲಚ್ಚಿನ ಹತ್ತಿರ ಬಂದಾಗ ಅವನೂ ತಡೆದ.
ಬೆರಳುಗಳನ್ನು ಒಂದೊಂದಾಗಿ ಹಳೇ ಬನಿಯನ್ನಿಗೆ ಒರಸಿಕೊಂಡ.
"ಇಪ್ಪತ್ತೆರಡು ಇಟ್ಟುಕೊಳ್ಳಿ. ಫ್ಲೈವೀಲಿನ ಕಥೆ ಬಿಚ್ಚಿದ ಮೇಲೆ.
ಈ ಊರಲ್ಲಿ ಕ್ಲಚ್ಚು ಬಾಳುವುದಿಲ್ಲ ಅಕ್ಕ,
ಎಲ್ಲಿ ಹೋದರೂ ಚಡಾವು."

ನಿಜ. ಬೆಂದೂರು, ಬಿಜೈ, ಕದ್ರಿ,
ಒಂದು ಗುಡ್ಡೆ ಇಳಿದರೆ ಇನ್ನೊಂದರ ಬುಡ.
ಬೆಳಗಿನ ಮೂರೂವರೆಗೆ ಹತ್ತುತ್ತೇನೆ,
ಹಿಂದಿನ ಸೀಟಿನಲ್ಲಿ ರಿಂಗ್ ಲೈಟು, ಡ್ರೈಯರು, ಒಂದು ಅಟ್ಟೆ ಮಲ್ಲಿಗೆ.
ಸುಟ್ಟ ಕ್ಲಚ್ಚಿನ ವಾಸನೆಗೆ ಮಲ್ಲಿಗೆ ಸೋತ ದಿನ
ಕಾರ್ಕಳದ ಮದುಮಗಳು ಮೂಗೆಳೆದು ಕೇಳಿದ್ದಳು,
"ಎಂತದೋ ಕರಟಿದ ಹಾಗೆ ಉಂಟಲ್ಲ?"
ಕೂದಲು ಸುರುಳಿ ಮಾಡುವ ಕಡ್ಡಿಯ ಮೇಲೆ ಹಾಕಿದೆ ತಪ್ಪನ್ನು.

ಈ ಸೀಸನ್ನಿನಲ್ಲಿ ಇನ್ನು ಆರು ಮದುವೆ.
ಮೂಲ್ಕಿಯವಳು ಲೋವರ್ ಆರ್ಮು.
ಕಿನ್ನಿಗೋಳಿಯವಳು ಎಸಿ ಕಾಯಿಲು, ಪಾಪ, ಮೇ ತಿಂಗಳ ಮುಹೂರ್ತ.
ಕ್ಲಚ್ಚಿಗೆ ಇಬ್ಬರು ಬೇಕು,
ಅಕ್ಕತಂಗಿಯರಾದರೆ ಒಳ್ಳೆಯದು, ಒಂದೇ ಚಪ್ಪರ.

ಅಷ್ಟರಲ್ಲಿ ಡೊಲ್ಫಿಯ ಫೋನು.
"ತಲೆಬಿಸಿ ಎಂತಕ್ಕೆ? ನನಗೇ ಕೊಟ್ಟುಬಿಡಿ.
ಅಡಿಗೊಂದು ಕೋಟಿಂಗು ಹೊಡೆಸಿದರೆ ಆಯ್ತು, ಮೂರು ಸಾವಿರ.
ಲೇಡಿ ಓನರ್ ಅಂದರೆ ಸಾಲು ನಿಲ್ತಾರೆ ಮಾರಾಯ್ರೆ."

ನಗು ಬಂತು, ನಿಜವಾಗಿ.
ಮೂರು ಸಾವಿರ. ನನ್ನ ಬ್ಯಾಗಿನಲ್ಲಿರುವ ಒಂದು ಬಾಟಲಿಯ ಬೆಲೆ.
ಮೇಲಿಂದ ಹುಡಿ ಇನ್ನೂ ಉದುರುತ್ತಿತ್ತು,
ನನ್ನ ಚೂಡಿದಾರದ ಭುಜಕ್ಕೆ,
ತಟ್ಟಿದಷ್ಟೂ ಬಟ್ಟೆಗೆ ಹಿಡಿಯುತ್ತಿತ್ತು.

"ಅಬ್ಬೋನು, ಎಲ್ಲ ಕೆರೆಸಿ. ತಗಡು ಕಾಣುವವರೆಗೆ."
"ತೂತು ಬೀಳ್ತದೆ ಅಕ್ಕ."
"ಬೀಳಲಿ. ವೆಲ್ಡಿಂಗಿಗೆ ಎಷ್ಟು?"

ಹುಡುಗ ರಟ್ಟು ತಿರುಗಿಸಿದ.
ಆಚೆ ಬದಿ ತುಂಬಿತ್ತು.